ವಯಸ್ಸಿಗೆ ಮೀರಿದ ಪುಸ್ತಕ

ಏಪ್ರಿಲ್ ತಿಂಗಳ ಮಧ್ಯಾಹ್ನ. ಅಜ್ಜನ ಮನೆಯಲ್ಲಿ ಊಟ ಮುಗಿದು ದೊಡ್ಡವರೆಲ್ಲ ಚಾಪೆ ಹಾಸಿ ಅಡ್ಡಾಗಿದ್ದಾರೆ. ರಜೆಗೆ ಬಂದ ಮಕ್ಕಳಿಗೆ ನಿದ್ದೆ ಬಾರದು. ಹೊರಗೆ ಹೋಗೋಣವೆಂದರೆ ಬಿಸಿಲು. ಅವರಲ್ಲೊಬ್ಬಳು ಏಣಿ ಹತ್ತಿ ಅಟ್ಟ ಸೇರುತ್ತಾಳೆ. ಹಿತ್ತಾಳೆ ಪಾತ್ರೆ, ಮುರಿದ ತೊಟ್ಟಿಲು, ಖಾಲಿ ಭರಣಿಗಳ ನಡುವೆ ಒಂದು ಕಬ್ಬಿಣದ ಟ್ರಂಕು. ಅದರ ತುಂಬ ಪುಸ್ತಕ. ಕೆಲವಕ್ಕೆ ರಟ್ಟಿಲ್ಲ, ಕೆಲವು ಗೆದ್ದಲಿಗೆ ಮೂಲೆ ಕೊಟ್ಟಿವೆ. ಇನ್ನು ಕೆಲವು ಪುಸ್ತಕಗಳೇ ಅಲ್ಲ. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಕಂತು ಕಂತಾಗಿ ಕತ್ತರಿಸಿ, ದಪ್ಪ ದಾರ ಹಾಕಿ ಹೊಲಿದಿಟ್ಟ ಕಟ್ಟುಗಳು. ಹೊಲಿದ ಅತ್ತೆ ಮದುವೆಯಾಗಿ ಹೋಗಿ ಎಷ್ಟೋ ಕಾಲವಾಗಿದೆ. ಹುಡುಗಿ ಒಂದನ್ನು ಎತ್ತಿಕೊಂಡು ಧೂಳು ಕೊಡವಿ, ಬೆಳಕಿಂಡಿಯ ಕೆಳಗೆ ಕೂರುತ್ತಾಳೆ. ಸಂಜೆ ಕಾಫಿಗೆ ಕರೆದರೆ ಅವಳಿಗೆ ಕೇಳಿಸುವುದಿಲ್ಲ.

ಕನ್ನಡದ ದೊಡ್ಡ ಕಾದಂಬರಿಗಳೊಂದಿಗೆ ಬಹಳ ಮಂದಿಯ ಮೊದಲ ಭೇಟಿ ಆದದ್ದು ಹೆಚ್ಚುಕಡಿಮೆ ಹೀಗೆಯೇ. ಅಟ್ಟ ಇಲ್ಲದವರಿಗೆ ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ಪಂಚಾಯಿತಿ ಕಟ್ಟಡದ ಒಂದು ಮೂಲೆಯಲ್ಲಿ ಗ್ರಂಥಾಲಯದ ಬೀರು ಇತ್ತು. ಯಾರೂ ಆರಿಸಿಕೊಟ್ಟದ್ದಲ್ಲ, ಯಾರೂ ವಿವರಿಸಿದ್ದಲ್ಲ. ಮುಂದೆ ಬ್ಯಾಂಕು, ಆಸ್ಪತ್ರೆ, ಗದ್ದೆ, ಸಾಫ್ಟ್‌ವೇರ್ ಎಂದು ಚದುರಿಹೋದ ಮೇಲೂ ಅವರಲ್ಲಿ ಅನೇಕರು ಮಾತಿನ ನಡುವೆ ಆ ಪುಸ್ತಕಗಳನ್ನು ಎಳೆದು ತರುತ್ತಾರೆ. ‘ಚೋಮನ ದುಡಿ ಓದಿದ ಮೇಲೆ ನಾನು ಮೊದಲಿನ ಹಾಗಿರಲಿಲ್ಲ’ ಎನ್ನುವವರು ಎಲ್ಲರ ಪರಿಚಯದಲ್ಲೂ ಒಬ್ಬಿಬ್ಬರು ಇರುತ್ತಾರೆ. ಹನ್ನೆರಡು ವರ್ಷದ ಮಗುವಿನ ತಲೆಯಲ್ಲಿ ಒಂದು ಕಾದಂಬರಿ ನಿಜಕ್ಕೂ ಅಂಥದ್ದೇನು ಮಾಡುತ್ತದೆ?

ಚಂದಮಾಮದಿಂದ ನೇರ ಕಾರಂತರಿಗೆ

ಈ ಕಾದಂಬರಿಗಳಲ್ಲಿ ಒಂದನ್ನೂ ಮಕ್ಕಳಿಗೆಂದು ಬರೆದಿಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿಯೇ ‘ಬಾಲ ಪ್ರಪಂಚ’ ಸಿದ್ಧಪಡಿಸಿದರು, ಅದು ಬೇರೆ ಮಾತು. ಕಾರಂತರ 1933ರ ‘ಚೋಮನ ದುಡಿ’ ಮತ್ತು ‘ಮರಳಿ ಮಣ್ಣಿಗೆ’, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಮತ್ತು ‘ಮಲೆಗಳಲ್ಲಿ ಮದುಮಗಳು’, ಭೈರಪ್ಪನವರ ‘ಗೃಹಭಂಗ’, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಎಲ್ಲವೂ ಬೆಳೆದವರ ಪುಸ್ತಕಗಳು. ಸಾಲ, ಸಾವು, ಕಾಮ, ಜಾತಿ, ಹಸಿವು ಇವುಗಳಲ್ಲಿ ತುಂಬಿವೆ.

ಆದರೂ ಮಕ್ಕಳು ಓದಿದರು. ಕಾರಣ ಸರಳ: ನಡುವೆ ಮೆಟ್ಟಿಲು ಇರಲಿಲ್ಲ. ಹತ್ತು ವರ್ಷದ ತನಕ ‘ಚಂದಮಾಮ’ ಸಾಕಾಗುತ್ತಿತ್ತು. ಆಮೇಲೆ? ಹದಿಹರೆಯದವರಿಗೆಂದೇ ಬರೆದ ಕಾದಂಬರಿ ಇಂಗ್ಲಿಷಿನಲ್ಲಿ ರಾಶಿ ರಾಶಿ. ಕನ್ನಡದಲ್ಲಿ ಹುಡುಕಿದರೆ ನಾಲ್ಕಾರು ಸಿಕ್ಕಾವು. ಬೇತಾಳನನ್ನು ಹೆಗಲಿಗೇರಿಸಿಕೊಂಡ ವಿಕ್ರಮನನ್ನು ಬಿಟ್ಟು ಬಂದ ಮಗು ಸೀದಾ ಚೋಮನ ಗುಡಿಸಲಿನ ಎದುರು ನಿಲ್ಲುತ್ತಿತ್ತು. ಇದನ್ನು ನಮ್ಮ ಬಾಲಸಾಹಿತ್ಯದ ಬಡತನ ಎಂದು ಲೆಕ್ಕ ಹಾಕುವವರಿದ್ದಾರೆ. ಬಡತನ ಹೌದು. ಆದರೆ ಆ ಬಡತನದಿಂದ ಸಿಕ್ಕ ಲಾಭವೂ ಸಣ್ಣದಲ್ಲ ಎಂದೇ ನನ್ನ ಅನಿಸಿಕೆ.

ಓದುವ ಚಟ ಹತ್ತಿಸಿದವರು ಈ ಕಾದಂಬರಿಕಾರರಿಗಿಂತ ಹಿಂದಿನವರು. ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಬರೆದದ್ದಷ್ಟೇ ಅಲ್ಲ, ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರೆಂದು ಆ ಕಡೆ ಇಂದಿಗೂ ಹೇಳುತ್ತಾರೆ. ಆಮೇಲೆ ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಮನೆಮನೆಯಲ್ಲಿ ಓದುಗರನ್ನು ಸೃಷ್ಟಿಸಿದರು. ಟ್ರಂಕು ತುಂಬಿದ್ದು ಹೀಗೆ.

ಖಳನಿಲ್ಲದ ಕಥೆ

ಚೋಮನಿಗೆ ಬೇಕಿದ್ದದ್ದು ಒಂದು ತುಂಡು ಗದ್ದೆ. ಬೇಸಾಯ ಮಾಡಬೇಕು, ಅಷ್ಟೇ. ಎತ್ತಿನ ಜೋಡಿ ಇದೆ. ಉಳಲು ಭೂಮಿ ಇಲ್ಲ. ಅಸ್ಪೃಶ್ಯನಾದ ಅವನಿಗೆ ಗೇಣಿಗೆ ಗದ್ದೆ ಕೊಡುವ ರೂಢಿ ಆ ಊರಲ್ಲಿಲ್ಲ. ಧಣಿ ಸಂಕಪ್ಪಯ್ಯ ರಾಕ್ಷಸನೇನಲ್ಲ. ಅವನ ಮನಸ್ಸು ಒಂದು ಗಳಿಗೆ ಕೊಡುವ ಕಡೆಗೂ ವಾಲುತ್ತದೆ, ಆದರೆ ಮನೆಯಲ್ಲಿ ತಾಯಿ ಒಪ್ಪುವುದಿಲ್ಲ. ಆ ತಾಯಿಯಾದರೂ ಕೆಟ್ಟವಳೇ? ಹಾಗೆಂದು ಹೇಳುವುದು ಕಷ್ಟ. ಹಿಂದಿನಿಂದ ನಡೆದು ಬಂದದ್ದನ್ನು ಬಿಡಲಾರದವಳು.

ಇಲ್ಲಿ ಓದುವ ಮಗು ಪೇಚಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಗೊತ್ತಿರುವ ಕಥೆಗಳಲ್ಲಿ ಕೆಟ್ಟದ್ದಕ್ಕೊಬ್ಬ ಯಜಮಾನ ಇರುತ್ತಾನೆ. ರಾವಣ, ಕಂಸ, ಸಿನಿಮಾದಲ್ಲಾದರೆ ದಪ್ಪ ಮೀಸೆಯ ಜಮೀನ್ದಾರ. ಅವನು ಸತ್ತರೆ ಕಷ್ಟ ಮುಗಿಯಿತು. ಚೋಮನ ಕಥೆಯಲ್ಲಿ ಹೊಡೆದು ಕೆಡವಲು ಅಂಥವನೊಬ್ಬ ಇಲ್ಲ. ಮಗ ಚನಿಯ ಜ್ವರದಲ್ಲಿ ಹೋಗುತ್ತಾನೆ. ಇನ್ನೊಬ್ಬ ಮಗ ಗುರುವ ಮತ ಬದಲಿಸಿ ದೂರವಾಗುತ್ತಾನೆ. ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ಮುಟ್ಟಬಾರದವರ ಮಗುವೆಂದು ದಡದಲ್ಲಿದ್ದವರು ನೀರಿಗಿಳಿಯುವುದಿಲ್ಲ.

ಈ ಪ್ರಸಂಗ ಓದಿದ ಮಗು ಪುಸ್ತಕ ಮಡಚಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಅವರು ಯಾಕೆ ಇಳಿಯಲಿಲ್ಲ? ಅಡುಗೆಮನೆಯಲ್ಲಿ ಕೇಳಿದರೆ ‘ಆಗೆಲ್ಲ ಹಾಗಿತ್ತು ಕಣೇ’ ಎಂಬ ಉತ್ತರ ಬರುತ್ತದೆ. ಆ ಉತ್ತರ ಮಗುವಿಗೆ ಸಾಲುವುದಿಲ್ಲ, ಯಾಕೆಂದರೆ ಅದೇ ಮನೆಯ ಹಿತ್ತಲಲ್ಲಿ ಕೆಲಸದವರಿಗೆ ಬೇರೆಯೇ ಲೋಟ ಬೋರಲು ಹಾಕಿರುವುದನ್ನು ಅದು ನೋಡಿದೆ. ದಿನಾ ನೋಡಿದ್ದು. ಇವತ್ತು ಅದು ಬೇರೆಯಾಗಿ ಕಾಣುತ್ತದೆ.

ಕಾದಂಬರಿ ಮಾಡುವ ಕೆಲಸ ಇದೇ. ಅದು ಮಗುವಿಗೆ ಅಭಿಪ್ರಾಯ ಕೊಡುವುದಿಲ್ಲ. ಅಸ್ಪೃಶ್ಯತೆ ಪಾಪ ಎಂಬ ಅಭಿಪ್ರಾಯ ಐದನೇ ಕ್ಲಾಸಿನ ಪಠ್ಯಪುಸ್ತಕದಲ್ಲೂ ಇದೆ, ಮಗು ಅದನ್ನು ಉರುಹೊಡೆದು ಬರೆದು ಅಂಕವನ್ನೂ ತೆಗೆದುಕೊಂಡಿದೆ. ಕಾದಂಬರಿ ಮಗು ನಿಂತ ಜಾಗವನ್ನು ಬದಲಿಸುತ್ತದೆ. ಜಗಲಿಯ ಮೇಲೆ ನಿಂತು ಅಂಗಳದಲ್ಲಿದ್ದವನನ್ನು ನೋಡುತ್ತಿದ್ದವಳು ಎರಡು ಮಧ್ಯಾಹ್ನ ಅಂಗಳದಲ್ಲಿ ನಿಂತು ಜಗಲಿಯನ್ನು ನೋಡಿರುತ್ತಾಳೆ. ಸಿನಿಮಾ ಇದನ್ನು ಮಾಡಲಾರದೆಂದಲ್ಲ, ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದ ‘ಚೋಮನ ದುಡಿ’ ಗಟ್ಟಿಯಾದ ಚಿತ್ರ, ಚೋಮನಾಗಿ ವಾಸುದೇವ ರಾವ್ ಅವರನ್ನು ಮರೆಯಲಾಗದು. ಆದರೆ ಚಿತ್ರದಲ್ಲಿ ಚೋಮನ ಮುಖ ನಮ್ಮೆದುರಿಗೆ ಇರುತ್ತದೆ. ಪುಸ್ತಕದಲ್ಲಿ ನಾವು ಅವನ ಮುಖದ ಹಿಂದೆ ಇರುತ್ತೇವೆ.

ಪ್ರಯೋಗಾಲಯ ಏನನ್ನುತ್ತದೆ?

ಕಥೆ ಓದಿದರೆ ಇನ್ನೊಬ್ಬರ ಮನಸ್ಸು ಅರ್ಥವಾಗುತ್ತದೆಯೇ ಎಂದು ಅಳೆದು ನೋಡಿದವರೂ ಇದ್ದಾರೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಕಿಡ್ ಮತ್ತು ಕಸ್ತಾನೊ ಎಂಬ ಸಂಶೋಧಕರ ಪ್ರಬಂಧ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಒಳ್ಳೆಯ ಸಾಹಿತ್ಯದ ಒಂದು ತುಣುಕು ಓದಿದ ಕೂಡಲೇ, ಕಣ್ಣಿನ ಚಿತ್ರ ನೋಡಿ ಎದುರಿನವರ ಭಾವ ಗುರುತಿಸುವಂಥ ಪರೀಕ್ಷೆಗಳಲ್ಲಿ ಓದಿದವರು ಮೇಲುಗೈ ಪಡೆದರು ಎಂಬುದು ಅದರ ಸಾರ. ಪುಸ್ತಕಪ್ರಿಯರು ಹಿರಿಹಿರಿ ಹಿಗ್ಗಿದರು.

ಹಿಗ್ಗು ಬಹಳ ಕಾಲ ಉಳಿಯಲಿಲ್ಲ. ಬೇರೆ ತಂಡಗಳು ಅದೇ ಪ್ರಯೋಗ ಮಾಡಿದಾಗ ಅದೇ ಫಲ ಬರಲಿಲ್ಲ. 2018ರಲ್ಲಿ, ದೊಡ್ಡ ವಿಜ್ಞಾನ ಪತ್ರಿಕೆಗಳಲ್ಲಿ ಬಂದ 21 ಪ್ರಯೋಗಗಳನ್ನು ಒಟ್ಟಿಗೆ ಮರುಪರೀಕ್ಷೆಗೆ ಒಡ್ಡಿದಾಗಲೂ ಇದು ನಿಲ್ಲಲಿಲ್ಲ. ಇದರಲ್ಲಿ ಆಶ್ಚರ್ಯವೇನಿದೆ? ಹತ್ತು ನಿಮಿಷ ಸಂಗೀತ ಕೇಳಿದವರ ಕಂಠ ಶ್ರುತಿಗೆ ಕೂರುತ್ತದೆಯೇ ಎಂದು ನೋಡಿದ ಹಾಗಾಯಿತು ಅದು.

ವರ್ಷಾನುಗಟ್ಟಲೆ ಓದಿದವರ ಮಾತು ಬೇರೆ. ಜೀವನವಿಡೀ ಕಥೆ ಕಾದಂಬರಿ ಓದುತ್ತ ಬಂದವರು ಇತರರ ಭಾವವನ್ನು ಗುರುತಿಸುವುದರಲ್ಲಿ ಸ್ವಲ್ಪ ಮುಂದಿರುತ್ತಾರೆ ಎಂದು ಕೆನಡಾದ ರೇಮಂಡ್ ಮಾರ್, ಕೀತ್ ಓಟ್ಲಿ ಮತ್ತು ಜೊತೆಗಾರರು 2006ರಲ್ಲೇ ತೋರಿಸಿದ್ದರು. ಇಲ್ಲೂ ಒಂದು ತೊಡಕಿದೆ: ಓದಿದ್ದರಿಂದ ಹಾಗಾದರೋ, ಹಾಗಿದ್ದವರೇ ಓದಿಗೆ ಒಲಿದರೋ? ಇದನ್ನು ಬಿಡಿಸುವುದು ಸುಲಭವಲ್ಲ.

ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಇಟಲಿಯ ಒಂದು ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ ನಡೆದ ಸಣ್ಣ ಅಧ್ಯಯನ. ‘ಹ್ಯಾರಿ ಪಾಟರ್’ ಪುಸ್ತಕಗಳಲ್ಲಿ ಕೆಲವರನ್ನು ಹುಟ್ಟಿನ ಕಾರಣಕ್ಕೆ ಕೀಳಾಗಿ ಕಾಣುವ ಪ್ರಸಂಗಗಳಿವೆ. ಅವನ್ನು ಒಂದು ಗುಂಪಿನ ಮಕ್ಕಳು ಓದಿದರು, ಓದಿದ್ದರ ಬಗ್ಗೆ ಸಂಶೋಧಕರೊಂದಿಗೆ ಕೂತು ಮಾತಾಡಿದರು. ಇನ್ನೊಂದು ಗುಂಪು ಅದೇ ಪುಸ್ತಕಗಳ ಬೇರೆ ಭಾಗ ಓದಿತು. ವಾರಗಳ ನಂತರ ನೋಡಿದರೆ, ಮೊದಲ ಗುಂಪಿನಲ್ಲಿ ವಲಸೆ ಬಂದವರ ಬಗೆಗಿನ ಮನೋಭಾವ ಮೃದುವಾಗಿತ್ತು. ಎಲ್ಲರಲ್ಲೂ ಅಲ್ಲ, ನಾಯಕನಲ್ಲಿ ತಮ್ಮನ್ನು ಕಂಡುಕೊಂಡ ಮಕ್ಕಳಲ್ಲಿ ಮಾತ್ರ. ಪುಸ್ತಕವೊಂದೇ ಸಾಲದು, ಅದರೊಳಗೆ ಹೋಗಿ ನಿಲ್ಲಬೇಕು, ಓದಿದ ಮೇಲೆ ಅದರ ಬಗ್ಗೆ ಮಾತಾಡಲು ಯಾರಾದರೂ ಇರಬೇಕು.

ಅರ್ಧ ತಿಳಿದದ್ದರ ಗುಣ

ಮಕ್ಕಳ ಕೈಗೆ ದೊಡ್ಡವರ ಕಾದಂಬರಿ ಸಿಕ್ಕಾಗ ಮನೆಯವರಿಗೆ ಆತಂಕ: ‘ಅದೆಲ್ಲ ನಿನಗೆ ಅರ್ಥವಾಗಲ್ಲ, ಇಡು.’ ಅರ್ಥವಾಗುವುದಿಲ್ಲ ಎಂಬುದು ನಿಜ. ಆ ಅರ್ಥವಾಗದ ಭಾಗವೇ ಮುಂದೆ ಕೆಲಸ ಮಾಡುತ್ತದೆ.

‘ಗೃಹಭಂಗ’ವನ್ನು ತೆಗೆದುಕೊಳ್ಳಿ. ತಿಪಟೂರು ಕಡೆಯ ಹಳ್ಳಿ, ಪ್ಲೇಗಿನ ಕಾಲ. ಶ್ಯಾನುಭೋಗ ಚೆನ್ನಿಗರಾಯ ಸೋಮಾರಿ, ಹೊಟ್ಟೆಬಾಕ. ಲೆಕ್ಕದ ಪುಸ್ತಕ ಬರೆಯುವುದು, ಮಕ್ಕಳನ್ನು ಸಾಕುವುದು ಎಲ್ಲ ಹೆಂಡತಿ ನಂಜಮ್ಮನ ಪಾಲು. ಅತ್ತೆ ಗಂಗಮ್ಮ ಬಾಯಿ ತೆರೆದರೆ ಬೈಗುಳ. ಹದಿಮೂರರ ವಯಸ್ಸಿನಲ್ಲಿ ಇದನ್ನು ಓದುವವರಿಗೆ ಚೆನ್ನಿಗರಾಯನ ಊಟದ ಪ್ರಸಂಗಗಳು ತಮಾಷೆ. ಗಂಗಮ್ಮನ ಬೈಗುಳ ಬಾಯಿಪಾಠವಾಗುತ್ತದೆ, ಕದ್ದು ಕದ್ದು ತಮ್ಮ ತಂಗಿಯರ ಮೇಲೆ ಪ್ರಯೋಗವೂ ಆಗುತ್ತದೆ. ಪ್ಲೇಗು ಬಂದು ಬೆಳೆದ ಇಬ್ಬರು ಮಕ್ಕಳು ಹೋದಾಗ ಅಳು ಬರುತ್ತದೆ. ನಂಜಮ್ಮ ಒಂದು ದಿನವೂ ಕೂತು ಉಂಡದ್ದಿಲ್ಲ ಎಂಬುದು ಆಗ ಕಣ್ಣಿಗೆ ಬೀಳುವುದಿಲ್ಲ.

ಬೀಳುವುದು ಎಷ್ಟೋ ವರ್ಷದ ಮೇಲೆ. ಮದುವೆಯಾಗಿ, ಮನೆ ನಡೆಸಿ, ತಿಂಗಳ ಕೊನೆಯಲ್ಲಿ ಅಕ್ಕಿ ಡಬ್ಬದ ತಳ ನೋಡಿದ ಮೇಲೆ. ಆಗ ಮತ್ತೆ ಪುಸ್ತಕ ಹಿಡಿದರೆ ಚೆನ್ನಿಗರಾಯ ತಟ್ಟೆಯ ಮುಂದೆ ಕೂತಾಗ ನಗು ಬಾರದು, ಮೈ ಉರಿಯುತ್ತದೆ. ಅಕ್ಷರ ಒಂದೂ ಬದಲಾಗಿಲ್ಲ. ಬಾಲ್ಯದಲ್ಲಿ ಓದಿ ಬಿಟ್ಟವರಿಗೂ, ಮತ್ತೆ ಓದದಿದ್ದರೂ, ನಂಜಮ್ಮ ತಲೆಯ ಯಾವುದೋ ಮೂಲೆಯಲ್ಲಿ ಕೂತಿರುತ್ತಾಳೆ. ತಮ್ಮ ತಾಯಿಯ ಒಂದು ಮಾತಿಗೋ ಮೌನಕ್ಕೋ ಅರ್ಥ ಹುಡುಕುವಾಗ ಎದ್ದು ಬರುತ್ತಾಳೆ. ಬೆಳೆದ ಮೇಲೆ ಮೊದಲ ಸಲ ಓದಿದವರಿಗೆ ಈ ಎರಡು ಓದುಗಳ ನಡುವಿನ ಅಂತರ ಸಿಗದು. ತಾನೆಷ್ಟು ದೂರ ಬಂದೆ ಎಂದು ಅಳೆಯಲು ಬಾಲ್ಯದಲ್ಲಿ ನೆಟ್ಟ ಒಂದು ಕಲ್ಲು ಬೇಕಲ್ಲ.

‘ಫಣಿಯಮ್ಮ’ದ ಓದೂ ಹೀಗೆಯೇ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮನೆಯವರಿಗೆಲ್ಲ ದುಡಿದು ಮುದುಕಿಯಾದ ಹೆಂಗಸಿನ ಕಥೆ ಅದು. ಎಂ.ಕೆ. ಇಂದಿರಾ ತಮ್ಮ ಬಂಧುಬಳಗದಲ್ಲೇ ಬಾಳಿದ ಹೆಂಗಸೊಬ್ಬರ ಕಥೆಯನ್ನು ತಾಯಿಯಿಂದ ಕೇಳಿ ಬರೆದದ್ದು. ಹುಡುಗಿಗೆ ಮನಸ್ಸಿನಲ್ಲಿ ನಿಲ್ಲುವುದು ಫಣಿಯಮ್ಮನ ದುಃಖಕ್ಕಿಂತ ಇನ್ನೊಂದು ಸಂಗತಿ: ದಾಕ್ಷಾಯಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ಹಟ ಹಿಡಿದಾಗ, ಜೀವಮಾನವಿಡೀ ಮಡಿಯಲ್ಲಿದ್ದ ಆ ಮುದುಕಿ ಅವಳ ಪರ ನಿಲ್ಲುತ್ತಾಳೆ. ಮಡಿಯ ಅಜ್ಜಿ ಎಂದರೆ ಹೀಗೇ ಎಂದು ತೀರ್ಮಾನಿಸಿಕೊಂಡಿದ್ದ ಮಗುವಿಗೆ ಇದು ಸಣ್ಣ ಆಘಾತ. ಮನುಷ್ಯರನ್ನು ಪಟ್ಟಿ ಮಾಡಿಡುವ ಚಾಳಿಗೆ ಅಲ್ಲಿಂದ ಒಂದು ಬಿರುಕು.

ಓತಿಯ ಬೆನ್ನು ಹತ್ತಿ

ಎಲ್ಲ ದೊಡ್ಡ ಕಾದಂಬರಿಗಳೂ ಅಳಿಸುವವೇ ಅಲ್ಲ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿ ಎಷ್ಟು ಹುಡುಗರು ಕಾಡು ತಿರುಗಲು ಹೊರಟರೋ ಲೆಕ್ಕವಿಲ್ಲ. ಮೂಡಿಗೆರೆಯ ಜೇನುತುಪ್ಪದಿಂದ ಶುರುವಾಗುವ ಕಥೆ ಕೊನೆಗೆ ಹಾರುವ ಓತಿಯ ಬೆನ್ನು ಹತ್ತಿ ಬೆಟ್ಟದ ತುದಿಗೆ ಹೋಗುತ್ತದೆ. ಓತಿ ಕೈಗೆ ಸಿಗುವುದಿಲ್ಲ, ಕಂದರದೊಳಕ್ಕೆ ತೇಲಿ ಹೋಗುತ್ತದೆ.

ಮಕ್ಕಳಿಗೆ ಅದು ಕಟ್ಟುಕಥೆಯೆಂದೇ ಅನಿಸುತ್ತದೆ. ಆಮೇಲೊಂದು ದಿನ ಪಶ್ಚಿಮ ಘಟ್ಟದಲ್ಲಿ, ಅಡಿಕೆ ತೋಟಗಳಲ್ಲೂ, ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಓತಿ ನಿಜವಾಗಿಯೂ ಇದೆಯೆಂದು ಗೊತ್ತಾದಾಗ ಆಗುವ ಪುಳಕವೇ ಬೇರೆ. ಪುಸ್ತಕದಲ್ಲಿರುವುದು ಹೊರಗೂ ಇದೆ; ಹೊರಗಿರುವುದನ್ನು ಇಷ್ಟು ದಿನ ನೋಡಿಯೇ ಇಲ್ಲ.

ತೇಜಸ್ವಿ ಇನ್ನೊಂದು ಪಾಠವನ್ನು ಸದ್ದಿಲ್ಲದೆ ಒಳಗೆ ತಳ್ಳಿದ್ದಾರೆ. ವಿಜ್ಞಾನಿ ಕರ್ವಾಲೊ ತನ್ನ ಶಿಷ್ಯನೆಂದು ಬೆನ್ನು ತಟ್ಟುವುದು ಊರವರ ಲೆಕ್ಕದಲ್ಲಿ ಉಂಡಾಡಿಯಾದ ಮಂದಣ್ಣನನ್ನು. ಜೇನು, ಹುಳ, ಮರಗಳ ಬಗ್ಗೆ ಅವನಿಗಿರುವ ಕಣ್ಣು ಓದಿದವರಿಗಿಲ್ಲ. ಪರೀಕ್ಷೆಯಲ್ಲಿ ಹಿಂದೆ ಬಿದ್ದು ಹೊಲದಲ್ಲಿ ಚುರುಕಾಗಿದ್ದ ಅದೆಷ್ಟು ಮಕ್ಕಳಿಗೆ ಮಂದಣ್ಣ ಬೆನ್ನು ನೇರ ಮಾಡಿಕೊಳ್ಳಲು ಒಂದು ಕಾರಣ ಕೊಟ್ಟನೋ. ಕ್ಲಾಸಿನ ಮೊದಲ ಬೆಂಚಿನವರಿಗೂ ಅವನು ಒಂದು ಪೆಟ್ಟು ಕೊಟ್ಟಿರಬೇಕು, ಒಳ್ಳೆಯದೇ.

‘ಮಲೆಗಳಲ್ಲಿ ಮದುಮಗಳು’ ಎಂಬ ಹೆಬ್ಬೊತ್ತಿಗೆಯನ್ನು ಎಳೆಯರು ಪೂರ್ತಿ ಓದುವುದು ಅಪರೂಪ. ಓದಿದವರಿಗೆ ಕಥೆಯ ಪ್ರೇಮಿಗಳಾದ ಮುಕುಂದಯ್ಯ, ಚಿನ್ನಮ್ಮನಿಗಿಂತ ಹೆಚ್ಚಾಗಿ ನೆನಪಿರುವುದು ಆಳು ಗುತ್ತಿಯ ನಾಯಿ ಹುಲಿಯ. ತುಂಬಿದ ತುಂಗೆಯಲ್ಲಿ ಅದು ಹೋದದ್ದಕ್ಕೆ ಅತ್ತವರು ಕುವೆಂಪು ದರ್ಶನದ ಬಗ್ಗೆ ಬರೆದ ಪ್ರಬಂಧಗಳನ್ನು ಓದಿರಲಿಕ್ಕಿಲ್ಲ. ನಾಯಿಯ ಜೀವಕ್ಕೂ ಮದುಮಗಳ ಜೀವಕ್ಕೂ ಒಂದೇ ತೂಕ ಎಂಬುದು ಆ ಪ್ರಬಂಧಗಳಿಗಿಂತ ಮೊದಲೇ ಅವರಿಗೆ ತಲುಪಿತ್ತು.

ಪುಸ್ತಕ ಕಟ್ಟುವ ಕುರುಡು

ಇಷ್ಟು ಹೇಳಿ ಕೈತೊಳೆದುಕೊಂಡರೆ ಅರ್ಧ ಸತ್ಯವಾಗುತ್ತದೆ. ಕಣ್ಣು ತೆರೆಸಬಲ್ಲ ಪುಸ್ತಕಕ್ಕೆ ಕಣ್ಣಿಗೆ ಪಟ್ಟಿ ಕಟ್ಟುವ ಶಕ್ತಿಯೂ ಇರುತ್ತದೆ. ಐತಿಹಾಸಿಕ ಕಾದಂಬರಿಗಳ ವಿಚಾರದಲ್ಲಿ ಇದು ಎದ್ದು ಕಾಣುತ್ತದೆ. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ಹದಿಹರೆಯದಲ್ಲಿ ಓದಿದವರು ಕೋಟೆಗೆ ಹೋದರೆ ಶಾಸನ ನೋಡುವುದಿಲ್ಲ. ‘ದುರ್ಗಾಸ್ತಮಾನ’ದ ಮದಕರಿ ನಾಯಕ ನಿಂತ ಜಾಗ ಹುಡುಕುತ್ತಾರೆ. 1779ರಲ್ಲಿ ಹೈದರನಿಗೆ ದುರ್ಗ ಸೋತದ್ದು ಅವರ ಪಾಲಿಗೆ ಇತಿಹಾಸದ ತಾರೀಖಲ್ಲ, ಮನೆಯ ಸಾವು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ 1834ರಲ್ಲಿ ಬ್ರಿಟಿಷರ ವಶವಾದ ಕೊಡಗು ಮಾಸ್ತಿ ತೋರಿಸಿದ ಕೊಡಗೇ. ಕಾದಂಬರಿಕಾರರು ಇದಕ್ಕೆ ತಪ್ಪಿತಸ್ಥರಲ್ಲ. ಆದರೆ ಎಳೆ ವಯಸ್ಸಿನಲ್ಲಿ ಎದೆಗೆ ಬಿದ್ದ ಕಥೆಯ ವಿರುದ್ಧ ಮುಂದೆ ಎಷ್ಟೇ ದಾಖಲೆ ತೋರಿಸಿದರೂ ಮನಸ್ಸು ಒಪ್ಪುವುದಿಲ್ಲ. ಊರ ಅಭಿಮಾನ ಯಾವಾಗ ದ್ವೇಷದ ಕಡೆ ಹೊರಳಿತು ಎಂಬುದು ಓದಿದವರಿಗೇ ತಿಳಿಯದೆ ಹೋಗಬಹುದು.

ಇನ್ನೊಂದು ಕೊರತೆ ಇನ್ನೂ ಸೂಕ್ಷ್ಮ. ಚೋಮನಿಗಾಗಿ ಅತ್ತ ಮಗು ಚೋಮನಂಥವರೆಂದರೆ ಅಳುವವರು, ಸೋಲುವವರು, ಕೊನೆಗೆ ದುಡಿ ಬಾರಿಸುತ್ತ ಸಾಯುವವರು ಎಂದುಕೊಂಡೇ ಬೆಳೆಯಬಹುದು. ಕಾರಂತರ ಕರುಣೆ ದೊಡ್ಡದು, ಆದರೆ ಅದು ಹೊರಗೆ ನಿಂತು ನೋಡಿದವರ ಕರುಣೆ. ಆ ಗುಡಿಸಲೊಳಗೆ ನಗು ಇರಲಿಲ್ಲವೇ?

ಇತ್ತು. ಅದು ಕೇಳಿಸಲು ದೇವನೂರ ಮಹಾದೇವ ಬರಬೇಕಾಯಿತು. ‘ಒಡಲಾಳ’ದ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ, ಬಾಯಿಗೆ ಬಂದಂತೆ ಶಪಿಸುತ್ತಾಳೆ. ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಬರುತ್ತದೆ. ಇಡೀ ಸಂಸಾರ ಒಲೆಯ ಸುತ್ತ ಕೂತು, ಸುಟ್ಟು, ಬಿಡಿಸಿ, ಹರಟುತ್ತ, ಒಂದೂ ಉಳಿಯದಂತೆ ತಿಂದು ಮುಗಿಸುತ್ತದೆ. ಹಸಿದವರ ಹಬ್ಬ ಅದು. ಓದುವವರ ಬಾಯಲ್ಲೂ ಸುಟ್ಟ ಕಡಲೆಕಾಯಿಯ ರುಚಿ. ಬೆಳಗಾದರೆ ಪೊಲೀಸರು. ಅದೇ ಮನೆಯ ಗೋಡೆಯ ಮೇಲೆ ಹುಡುಗಿ ಬಿಡಿಸಿದ ನವಿಲು. ‘ಚೋಮನ ದುಡಿ’ ಓದಿದ ಮಗುವಿಗೆ ಒಂದೆರಡು ವರ್ಷದೊಳಗೆ ‘ಒಡಲಾಳ’ ಕೈಗೆ ಸಿಗಬೇಕು. ಮೊದಲನೆಯದು ಮಾತ್ರ ಸಿಕ್ಕರೆ ಕನಿಕರ ಕಲಿಯುತ್ತದೆ. ಎರಡನೆಯದೂ ಸಿಕ್ಕರೆ, ಕನಿಕರ ಪಡಲು ತಾನು ಯಾರು ಎಂದು ಒಂದು ಗಳಿಗೆ ಯೋಚಿಸುತ್ತದೆ.

ಐದು ಅಂಕದ ಪ್ರಶ್ನೆ

ಒಳ್ಳೆಯ ಕಾದಂಬರಿಯನ್ನು ಕೊಲ್ಲುವ ಕ್ರಮವೂ ನಮ್ಮಲ್ಲಿದೆ. ಅದರ ಹೆಸರು ನಾನ್-ಡೀಟೇಲ್. ಉಪಪಠ್ಯವಾಗಿ ಒಂದು ಕಾದಂಬರಿ ಇಡುವ ಉದ್ದೇಶ ಒಳ್ಳೆಯದೇ. ನಡೆಯುವುದು ಬೇರೆ. ಪುಸ್ತಕಕ್ಕಿಂತ ಮೊದಲು ಗೈಡ್ ಬರುತ್ತದೆ, ಗೈಡಿನಲ್ಲಿ ಸಾರಾಂಶ, ಪಾತ್ರಚಿತ್ರಣ, ಹೋದ ವರ್ಷಗಳ ಪ್ರಶ್ನೆಗಳು. ಚೋಮನ ಸಂಕಟಕ್ಕೆ ಐದು ಅಂಕ. ಅವನ ಮಗಳು ಬೆಳ್ಳಿಯ ಪಾತ್ರ ‘ಟಿಪ್ಪಣಿ ಬರೆಯಿರಿ’ಯಲ್ಲಿ ಬಂದರೆ ಮೂರು. ಕದ್ದು ಓದಿದ ಪುಸ್ತಕ ಬೆನ್ನು ಬಿಡುವುದಿಲ್ಲ, ಉರುಹೊಡೆದ ಪುಸ್ತಕವನ್ನು ಪರೀಕ್ಷೆ ಮುಗಿದ ದಿನವೇ ರದ್ದಿಗೆ ಹಾಕುತ್ತಾರೆ. ಇದೇ ನಾನ್-ಡೀಟೇಲ್ ಮೂಲಕ, ಒಳ್ಳೆಯ ಕನ್ನಡ ಮೇಷ್ಟ್ರು ಸಿಕ್ಕ ಪುಣ್ಯಕ್ಕೆ, ಓದುಗರಾದವರೂ ಇದ್ದಾರೆ. ಆ ಮೇಷ್ಟ್ರುಗಳು ಮಾಡುತ್ತಿದ್ದದ್ದು ಇಷ್ಟೇ: ಗೈಡ್ ಮುಚ್ಚಿಸಿ, ಗಟ್ಟಿಯಾಗಿ ಓದಿ, ಕುತೂಹಲದ ಜಾಗಕ್ಕೆ ಬಂದಾಗ ಬೆಲ್ ಹೊಡೆಯುವ ಹಾಗೆ ನೋಡಿಕೊಳ್ಳುತ್ತಿದ್ದರು.

ಮನೆಯಲ್ಲೂ ಇದೇ ಎಚ್ಚರ ಬೇಕು. ‘ಓದಿ ಏನು ಕಲಿತೆ?’ ಎಂದು ಕೇಳಿದರೆ ಮಗು ದೊಡ್ಡವರಿಗೆ ಬೇಕಾದ ಉತ್ತರ ಕೊಟ್ಟು ಪಾರಾಗುತ್ತದೆ. ‘ಅವನು ಹಾಗೆ ಮಾಡಿದ್ದು ಸರಿಯಾ?’ ಎಂದು ಕೇಳಿದರೆ ಜಗಳಕ್ಕೆ ಬರುತ್ತದೆ. ಜಗಳ ಬೇಕು. ಸಂಕ್ಷಿಪ್ತ ಆವೃತ್ತಿ ಕೊಡುವುದಾದರೆ ಮಾತ್ರ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ನೂರು ಪುಟಕ್ಕೆ ಇಳಿಸುವವರು ಸಾಮಾನ್ಯವಾಗಿ ಕಥೆಯನ್ನು ಉಳಿಸಿ, ಗಂಗಮ್ಮನ ಬೈಗುಳವನ್ನೂ ಓತಿಯ ದಾರಿಯ ಹರಟೆಯನ್ನೂ ಕಿತ್ತುಹಾಕಿರುತ್ತಾರೆ.

ಟ್ರಂಕು ಈಗ ಎಲ್ಲಿದೆ?

ಅಪಾರ್ಟ್‌ಮೆಂಟಿಗೆ ಅಟ್ಟವಿಲ್ಲ. ಇದ್ದ ಪುಸ್ತಕ ಮನೆ ಬದಲಿಸುವಾಗ ಕೆ.ಜಿ. ಲೆಕ್ಕಕ್ಕೆ ಹೋಗಿದೆ. ಮನೆಯಲ್ಲಿ ಪುಸ್ತಕ ಸುಮ್ಮನೆ ಬಿದ್ದಿರುವುದಕ್ಕೂ ಒಂದು ಬೆಲೆಯಿದೆ. 27 ದೇಶಗಳ ಮಾಹಿತಿ ಇಟ್ಟುಕೊಂಡು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ತುಂಬ ಪುಸ್ತಕಗಳಿರುವ ಮನೆಯಲ್ಲಿ ಬೆಳೆದ ಮಕ್ಕಳು ಪುಸ್ತಕವೇ ಇಲ್ಲದ ಮನೆಯ ಮಕ್ಕಳಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಶಾಲೆ ಕಲಿಯುತ್ತಾರೆಂದು ಲೆಕ್ಕ ಹಾಕಿತ್ತು. ತಂದೆತಾಯಿಯ ಓದು, ಉದ್ಯೋಗಗಳನ್ನು ಪಕ್ಕಕ್ಕಿಟ್ಟು ನೋಡಿದರೂ ಅಂತರ ಹಾಗೇ ಉಳಿಯಿತು. ಪುಸ್ತಕ ಕೊಳ್ಳಲಾಗದ ಮನೆಗಳ ಮಕ್ಕಳಿಗೆ ಊರಿನ ಗ್ರಂಥಾಲಯವೇ ಆ ಟ್ರಂಕು. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತಿದೆ. ಆದರೆ ಬೀರುವಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಮುಂದೆ, ಕಾದಂಬರಿಗಳು ಹಿಂದೆ ಇದ್ದರೆ ಸದಸ್ಯತ್ವದಿಂದ ಹೆಚ್ಚೇನೂ ಆಗದು.

ಪ್ರಕಾಶಕರಿಗೂ ಒಂದು ಸುಳಿವು. ಮನಶ್ಶಾಸ್ತ್ರ ಓದಿ, ಮನಸ್ಸಿನ ಕಾಯಿಲೆಯನ್ನು ಕನ್ನಡದ ಅಡುಗೆಮನೆಗಳಲ್ಲಿ ಮಾತಾಡುವ ವಿಷಯವಾಗಿಸಿದವರು ತ್ರಿವೇಣಿ. ಬಾಣಂತನದ ನಂತರ ಮನಸ್ಸು ಕದಡಿ, ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಮನೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಅವರ ‘ಶರಪಂಜರ’. ಇಂದಿನ ಹದಿನೈದರ ಹುಡುಗ ಹುಡುಗಿಯರ ಕೈಗೆ ಸಿಗಬೇಕಾದ ಪುಸ್ತಕಗಳಲ್ಲಿ ಅದೂ ಒಂದು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹೀಗಾಗಿ 2024ರ ಜನವರಿಯಿಂದ ಅವರ ಕಾದಂಬರಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಧ್ವನಿಪುಸ್ತಕ ಮಾಡಬಹುದು, ದೊಡ್ಡ ಅಕ್ಷರದಲ್ಲಿ ಚಿತ್ರ ಸೇರಿಸಿ ಅಗ್ಗಕ್ಕೆ ಶಾಲೆಗಳಿಗೆ ಹಂಚಬಹುದು. ಯಾರ ಅನುಮತಿಯೂ ಬೇಕಿಲ್ಲ. ಕೊನೆಯಲ್ಲಿ ಪ್ರಶ್ನೋತ್ತರ ಮಾತ್ರ ಸೇರಿಸದಿದ್ದರೆ ಸಾಕು.